ಹಂಟರ್ ಬೂಟಿನೊಳಗೆ ಅರಿಶಿನ

ಆಗಸ್ಟ್ 11, ಸೋಮವಾರ

ಇವತ್ತು ಆ ಪ್ಲಾಸ್ಟಿಕ್ ಚೀಲ ಬಿಚ್ಚಿದೆ. ಜುಲೈಯಲ್ಲಿ ಮಿರಜದ ದವಾಖಾನೆಯವರು ಕೊಟ್ಟದ್ದು. ಇವರನ್ನು, ನಮ್ಮ ಯಜಮಾನರನ್ನು, ಹೊಲದಿಂದ ಇದ್ದ ಹಾಗೇ ಎತ್ತಿ ಜೀಪಿಗೆ ಹಾಕಿದ್ದರು, ಕಾಲಲ್ಲಿ ಬೂಟು ಹಾಗೇ ಇದ್ದವು. ಎದೆ ಹಿಡಿದುಕೊಂಡು ಬಿದ್ದವರ ಬೂಟು ಬಿಚ್ಚುವ ಪುರಸೊತ್ತು ಯಾರಿಗಿತ್ತು? ಅಲ್ಲಿ ಯಾರೋ ಬಿಚ್ಚಿ, ಒದ್ದೆ ಬೂಟನ್ನು ಒದ್ದೆಯಾಗಿಯೇ ಚೀಲಕ್ಕೆ ತುಂಬಿ, ಬಾಯಿಗೆ ಗಂಟು ಹಾಕಿ ನನ್ನ ಕೈಗೆ ಕೊಟ್ಟರು. ಅವತ್ತಿನಿಂದ ಚೀಲ ಹಿತ್ತಲ ಮೂಲೆಯಲ್ಲಿತ್ತು. ಯಾರೂ ಮುಟ್ಟಿರಲಿಲ್ಲ.

ಗಂಟು ಬಿಚ್ಚಿದ ಕೂಡಲೇ ಋತುಜಾ ಮೂಗು ಹಿಡಿದುಕೊಂಡು ಅಂಗಳಕ್ಕೆ ಓಡಿದಳು. "ಆಯಿ! ಕಿತೀ ಘಾಣ ವಾಸ!" ಮಗಳಿಗೆ ಹನ್ನೊಂದು ವರ್ಷ. ಕನ್ನಡ ಎಲ್ಲ ತಿಳಿಯುತ್ತದೆ, ಬೈಯುವುದು ಮಾತ್ರ ಮರಾಠಿಯಲ್ಲಿ. ಸತ್ತ ಇಲಿ, ಕೊಳೆತ ಎಲೆ, ಹಳಸಿದ ಮಜ್ಜಿಗೆ ಮೂರೂ ಕೂಡಿದಂಥ ನಾತ. ನನಗೇನೂ ಅನಿಸಲಿಲ್ಲ. ನಾರುತ್ತಿದೆ ಎಂದು ಗೊತ್ತಾಯಿತು, ಅಷ್ಟೇ.

ಬಿಚ್ಚುವ ಕೆಲಸ ಬಿದ್ದದ್ದು ಹಾವಿನಿಂದ. ನಿನ್ನೆ ಚಪ್ಪಲಿಯಲ್ಲೇ ಹೊಲಕ್ಕೆ ಹೋಗಿದ್ದೆ. ಅರಿಶಿನ ಮೊಣಕಾಲು ದಾಟಿ ಬೆಳೆದಿದೆ. ಸಾಲಿನೊಳಗೆ ಕೊಳಕುಮಂಡಲ ಸುತ್ತಿಕೊಂಡು ಮಲಗಿತ್ತು. ನಮ್ಮ ಆಳು ಮಾಯಪ್ಪ ಕೂಗದಿದ್ದರೆ ಅದರ ಮೇಲೇ ಕಾಲಿಡುತ್ತಿದ್ದೆ. ಹೆದರಿಕೆಯೂ ಆಗಲಿಲ್ಲ. ನಡುಗಿದ್ದು ಅವನೇ. "ವೈನಿ, ಬೂಟ ಹಾಕ್ಕೊಂಡ ಬರ್ರಿ. ಇಲ್ಲಂದ್ರ ಹೊಲಕ್ಕ ಬರಬ್ಯಾಡ್ರಿ" ಎಂದ. ಮನೆಯಲ್ಲಿ ಬೂಟು ಅಂತ ಇರುವುದು ಇವರವೇ.

ಆಗಸ್ಟ್ 12, ಮಂಗಳವಾರ

ಹಂಟರ್ ಬೂಟು ಅಂತ ಇವಕ್ಕೆ ಹೆಸರು. ದಪ್ಪ ಕ್ಯಾನ್ವಾಸು, ರಬ್ಬರಿನ ತಳ, ಮೀನಖಂಡದ ತನಕ ಲೇಸು. ಬೇಟೆಯವರ ಬೂಟಂತೆ. ನಮ್ಮ ಡಿಗ್ರಜದಲ್ಲಿ ಇವನ್ನು ಹಾಕುವವರು ಕಬ್ಬಿಗೆ ನೀರು ಹಾಯಿಸುವವರು. ಇವರು ತಂದ ದಿನ ಡಬ್ಬಿಯ ಮೇಲೆ ಬಂದೂಕು ಹಿಡಿದವನ ಚಿತ್ರ ನೋಡಿ ಅತ್ತೆ ರಂಪ ಮಾಡಿದ್ದರು. "ಜೈನರ ಮನಿಗೆ ಬ್ಯಾಟಿ ಬೂಟ ಯಾಕ ತಂದಿ?" ಇವರು ನಕ್ಕು, "ಅವ್ವಾ, ಇದರಾಗ ಚರ್ಮ ಇಲ್ಲ. ನಾ ಯಾರ ಬ್ಯಾಟಿನೂ ಆಡೂದಿಲ್ಲ. ಹಾವು ನನ್ನ ಬ್ಯಾಟಿ ಆಡಬಾರದಂತ ತಂದೇನಿ" ಅಂದಿದ್ದರು. ಅತ್ತೆ ಆ ಚಿತ್ರ ಹರಿದು ಒಲೆಗೆ ಹಾಕಿ ಸುಮ್ಮನಾದರು.

ಇವರ ಬೂಟಿನ ಕೆಸರು ತೊಳೆದೆ. ಲೇಸು ಬಿಚ್ಚಿದೆ. ಒಳಗಿನ ಮೆತ್ತೆ ಎಳೆದು ತೆಗೆದೆ. ಮೆತ್ತೆಯ ಮೇಲೆ ಇವರ ಐದು ಬೆರಳು, ಹಿಮ್ಮಡಿ ಅಚ್ಚೊತ್ತಿವೆ. ಬ್ರಷ್ ಹಾಕಿ ತಿಕ್ಕಿದೆ. ಬೆರಳೂ ಹೋಗಲಿಲ್ಲ, ನಾತವೂ ಹೋಗಲಿಲ್ಲ. ಒಳಗೆ ಪೇಪರು ತುರುಕಿ ಒಲೆಯ ಹತ್ತಿರ ಇಟ್ಟೆ.

ಆಗಸ್ಟ್ 15, ಶುಕ್ರವಾರ

ಭಾವ ಬಂದಿದ್ದರು. ಜಯಕುಮಾರ ಭಾವ, ಇವರ ಅಣ್ಣ. ಸಾಂಗ್ಲಿಯಲ್ಲಿ ಅರಿಶಿನದ ವ್ಯಾಪಾರ. ಹೊಲದ ಮಣ್ಣು ಮೆಟ್ಟಿ ಎಷ್ಟು ವರ್ಷವಾಯಿತೋ, ಅರಿಶಿನ ಎಂದರೆ ಅವರಿಗೆ ಚೀಲ. ಬಾಗಿಲಲ್ಲೇ ಮೂಗು ಎಳೆದುಕೊಂಡು, "ಏನ ಸತ್ತೈತಿ ಮನ್ಯಾಗ?" ಎಂದರು. ಆಮೇಲೆ ತಾವೇ ನಾಲಿಗೆ ಕಚ್ಚಿಕೊಂಡರು. ಬೂಟು ಎಂದೆ.

ಮಾತು ಶುರುವಾಯಿತು. ಕ್ಷಮಾವಣಿ ಹಬ್ಬ ಮುಗಿದ ಮೇಲೆ ಹೊಲವನ್ನು ಮಾಯಪ್ಪನಿಗೆ ಪಾಲಿಗೆ ಹಾಕುವುದು. ಈ ಮನೆಗೆ ಬೀಗ. ಅತ್ತೆ, ನಾನು, ಋತುಜಾ ಸಾಂಗ್ಲಿಯ ಅವರ ಮನೆಯ ಹಿಂದಿನ ಖೋಲಿಯಲ್ಲಿ. "ನೋಡ ಶಾಲನ, ಹೆಣ್ಣಮಕ್ಕಳ ಕೈಲೆ ಹೊಲ ಆಗೂದಿಲ್ಲ. ನಮ್ಮ ನೀಲೇಶಗs ಆಗಲಿಲ್ಲ." ಇವರ ಹೆಸರನ್ನೂ ಎಳೆದರು. ನಾನು ಹೂಂ ಎಂದೆ. ಹೊಲ ಅತ್ತೆಯ ಹೆಸರಿನಲ್ಲಿದೆ. ಅವರು ಜಪಮಣಿ ಎಣಿಸುತ್ತ ಕೂತಿದ್ದರು.

ಭಾವ ಹೋದ ಮೇಲೆ ತಿನ್ನುವ ಸೋಡಾ ತಂದು ಬೂಟಿನೊಳಗೆ ಸುರಿದೆ.

ಆಗಸ್ಟ್ 17, ಭಾನುವಾರ

ಸೋಡಾ ಜಾಡಿಸಿದೆ. ನಾತ ಅರ್ಧ ಹೋಗಿದೆ. ಇವರ ಬೂಟು ಹಾಕಿಕೊಂಡು ಹೊಲಕ್ಕೆ ಹೋದೆ. ನನ್ನ ಕಾಲು ಒಳಗೆ ಅಡ್ಡಾಡುತ್ತದೆ. ತುದಿಗೆ ಪೇಪರು ತುರುಕಿ ಲೇಸು ಬಿಗಿದೆ. ಥಪ್ ಥಪ್ ಅಂತ ಸದ್ದು. ಮಾಯಪ್ಪ ಸದ್ದು ಕೇಳಿ ತಲೆಯೆತ್ತಿದ, ನೋಡಿ, ಮತ್ತೆ ತಲೆ ಬಗ್ಗಿಸಿದ. ಗಿಡದ ಬುಡಕ್ಕೆ ಮಣ್ಣು ಏರಿಸುವ ಕೆಲಸ ನಡೆದಿದೆ. ಸಂಜೆಯ ತನಕ ನಿಂತಿದ್ದೆ. ನಿಲ್ಲುವುದಕ್ಕೆ ನನಗೆ ಬರುತ್ತದೆ.

ಆಗಸ್ಟ್ 20, ಬುಧವಾರ

ಮಳೆ. ಕೃಷ್ಣೆ ಏರುತ್ತಿದ್ದಾಳೆ. ಊರೆಲ್ಲ ಅದೇ ಮಾತು. ಬೂಟು ಮತ್ತೆ ನಾರುತ್ತಿವೆ.

ಆಗಸ್ಟ್ 24, ಭಾನುವಾರ

ನೀರು ಇಳಿಯಿತು. ಹೊಲಕ್ಕೆ ಬರಲಿಲ್ಲ. ಊರಿನವರು ಕೈ ಮುಗಿದರು, ನಾನೂ ಮುಗಿದೆ.

ಬಿಸಿಲು ಬಿದ್ದಿತ್ತು. ಬೂಟಿನ ನಾಲಿಗೆ ಪೂರ್ತಿ ಹೊರಗೆಳೆದು, ಬಾಯಿ ಅಗಲಿಸಿ ಮಾಳಿಗೆಯ ಮೇಲಿಟ್ಟೆ. ಮೆತ್ತೆ ಬೇರೆ, ಲೇಸು ಬೇರೆ. ಬೇವಿನ ಎಲೆಯನ್ನೂ ತುಂಬಿದ್ದೆ. ಮೋಡ ಬಂದಾಗಲೆಲ್ಲ ಓಡಿ ಹೋಗಿ ತೆಗೆಯುವುದು, ಬಿಸಿಲು ಬಂದರೆ ಇಡುವುದು. ಇಡೀ ದಿನ ಇದೇ. ಹಪ್ಪಳಕ್ಕೂ ಇಷ್ಟು ಸೇವೆ ಮಾಡಿದವಳಲ್ಲ ನಾನು. ನೆಗೆಣ್ಣಿ ವೃಷಾಲಿ ಅಕ್ಕ, ಭಾವನ ಹೆಂಡತಿ, ಫೋನ್ ಮಾಡಿ ಏನು ಮಾಡುತ್ತಿದ್ದೀ ಎಂದು ಕೇಳಿದರು. ಬೂಟು ಒಣಗಿಸುತ್ತಿದ್ದೇನೆ ಎಂದೆ. "ನೀ ಒಂದ ಸಲ ಬಾಯಿ ತುಂಬ ಅಳಬೇಕಿತ್ತು ನೋಡ ಶಾಲನ. ಹಿಂಗ ಇರಬಾರದು" ಎಂದರು. ಆಗಲಿ ಅಕ್ಕಾ ಎಂದೆ. ಅಳು ಏನು ಅಂಗಡಿಯಲ್ಲಿ ಸಿಗುತ್ತದೆಯೆ, ತಂದು ಅಳುವುದಕ್ಕೆ?

ಆಗಸ್ಟ್ 28, ಗುರುವಾರ

ಇವತ್ತಿನಿಂದ ದಶಲಕ್ಷಣ ಪರ್ವ. ಅತ್ತೆಗೆ ಒಪ್ಪೊತ್ತಿನ ಊಟ. ಈ ಹತ್ತು ದಿನ ನಮ್ಮ ಮನೆಯಲ್ಲಿ ಇರುವೆಗೂ ಸಾಯುವುದರಿಂದ ರಜೆ.

ಬಿಸಿಲಿನಿಂದಲೂ ಬೂಟಿನ ನಾತ ಪೂರ್ತಿ ಹೋಗಿಲ್ಲ. ಒದ್ದೆಯಾದರೆ ಎದ್ದು ಬರುತ್ತದೆ. ಕುದಿಯುವ ನೀರಿಗೆ ಫಿನೈಲು ಹಾಕಿ ಮುಳುಗಿಸಿ ಬಿಡೋಣ ಎಂದು ನೀರು ಕಾಯಿಸಿದೆ. ಋತುಜಾ ಪಕ್ಕದಲ್ಲಿ ನಿಂತು ಶಾಲೆಯ ಪಾಠ ಒಪ್ಪಿಸಿದಳು: ನಾತ ಬೂಟಿನದಲ್ಲವಂತೆ, ಬೂಟಿನೊಳಗಿರುವ ಸಣ್ಣ ಸಣ್ಣ ಜಂತುಗಳದಂತೆ, ಕುದಿನೀರಿಗೆ ಎಲ್ಲ ಸಾಯುತ್ತವಂತೆ. ಒಳಗಿದ್ದ ಅತ್ತೆ ಹೊರಗೆ ಬಂದರು.

"ಅಂದ್ರ ಜೀವ ಅದಾವೇನ ಅದರಾಗ?"

"ಲಾಖೋ, ಆಜಿ! ಲಕ್ಷಗಟ್ಟಲೆ!"

"ಪರ್ವದಾಗ ಲಕ್ಷ ಜೀವ ಕುದಿಸಿ ಕೊಲ್ಲತೀಯೇನ ಶಾಲನ? ಇಳಿಸ ಆ ನೀರ."

ಇಳಿಸಿದೆ. ಆ ನೀರಿನಲ್ಲಿ ಋತುಜಾಳ ತಲೆ ತೊಳೆದೆ. ಫಿನೈಲು ಇನ್ನೂ ಹಾಕಿರಲಿಲ್ಲ, ಪುಣ್ಯ.

ಸೆಪ್ಟೆಂಬರ್ 2, ಮಂಗಳವಾರ

ಬೂಟನ್ನು ಅಂಗಳದಲ್ಲಿಟ್ಟರೂ ನಾತ ಅತ್ತೆಯ ಪೂಜೆಯ ಕೋಣೆಯ ತನಕ ಹೋಗುತ್ತದೆ. ಕೊನೆಗೆ ಅವರೇ ದಾರಿ ತೆಗೆದರು. ಹೋದ ವರ್ಷ ಬೀಸಿಟ್ಟ ಅರಿಶಿನದ ಡಬ್ಬಿ ತಂದು ಮುಂದಿಟ್ಟರು. "ಎರಡ ಹಿಡಿ ಹಾಕ. ಗಾಯಕ್ಕ ಹಾಕತೀವಿ, ಕೆಮ್ಮಿಗೆ ಕುಡೀತೀವಿ, ಬೂಟಿಗೆ ಯಾಕ ಆಗಬಾರದು? ನಮ್ಮಲ್ಲಿ ಅರಿಶಿಣಕ್ಕ ಏನ ಬರಗಾಲ?"

ಋತುಜಾ ಬಿಡುತ್ತಾಳೆಯೆ? "ಆಜಿ, ಹಳದ ಪಣ ಜಂತು ಮಾರತೇ!" ಅರಿಶಿನವೂ ಜಂತು ಕೊಲ್ಲುತ್ತದೆ ಎಂದು ಅವಳ ತಕರಾರು.

"ನೀ ಸುಮ್ಮಕ ಕುಂದರ. ದಿನಾ ಪಲ್ಲೇಕ ಹಾಕತೀವಿ, ಅದಕ್ಕ ಪಾಪ ಹತ್ತೂದಿಲ್ಲ."

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಎರಡು ಹಿಡಿ ಹಾಕಿ, ಅಲುಗಾಡಿಸಿ, ಮೂಲೆ ಮೂಲೆಗೆ ತಾಗಿಸಿ ಇಟ್ಟೆ.

ಸೆಪ್ಟೆಂಬರ್ 5, ಶುಕ್ರವಾರ

ನಾತ ಹೋಯಿತು! ಮೂಗು ಒಳಗಿಟ್ಟು ನೋಡಿದೆ. ಅರಿಶಿನದ ಘಮ, ಕೆಳಗೆ ಸ್ವಲ್ಪ ರಬ್ಬರು. ಎರಡು ದಿನದಿಂದ ಅದನ್ನೇ ಹಾಕಿಕೊಂಡು ಹೊಲದಲ್ಲಿದ್ದೇನೆ. ಕೆಳಗಿನ ಮಡಿಯಲ್ಲಿ ನೀರು ನಿಂತಿತ್ತು, ಕಾಲುವೆ ಕಡಿಸಿ ಬಿಟ್ಟೆ. ಮಾಯಪ್ಪ ಆ ಕಡೆಯಿಂದ ಕಡಿಯೋಣ ಎಂದ, ಈ ಕಡೆಯಿಂದ ಎಂದೆ. ನೀರು ಹೋಯಿತು. ಒಂದು ಸಾಲಿನ ಎಲೆಗೆ ಚುಕ್ಕೆ ಬಿದ್ದಿದೆ, ನಾಳೆ ಔಷಧಿ ಹೊಡೆಸಬೇಕು. ನಾಳೆ ಅನಂತ ಚತುರ್ದಶಿ, ನಾಡಿದ್ದೂ ಬೇಡ. ಪರ್ವ ಮುಗಿಯಲಿ.

ಬೂಟಿನೊಳಗೆ ನೀರು ಹೊಕ್ಕಿತ್ತು. ಕಾಲು ಹಳದಿಯಾಗಿವೆ, ಕಣಕಾಲಿನ ತನಕ. ಸಾಬೂನಿಗೆ ಹೋಗಲಿಲ್ಲ. ನಿದ್ದೆ ಬಂದಿದೆ.

ಸೆಪ್ಟೆಂಬರ್ 8, ಸೋಮವಾರ

ಕ್ಷಮಾವಣಿ. ಬಸದಿಗೆ ಹೋಗಿದ್ದೆವು. ವರ್ಷವೆಲ್ಲ ಮಾಡಿದ ತಪ್ಪಿಗೆ ಒಬ್ಬರಿಗೊಬ್ಬರು ಕೈ ಮುಗಿದು ಕ್ಷಮೆ ಕೇಳುವ ದಿನ. ಸಣ್ಣವರು ದೊಡ್ಡವರ ಕಾಲು ಮುಟ್ಟುತ್ತಾರೆ. ನಮ್ಮ ಓಣಿಯ ಹೊಸ ಸೊಸೆಯೊಬ್ಬಳು ಬಂದು ನನ್ನ ಕಾಲಿಗೆ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ಅವಳ ಕಾಲೂ ಹಳದಿ, ನನ್ನ ಕಾಲೂ ಹಳದಿ.

ವೃಷಾಲಿ ಅಕ್ಕ ಪಕ್ಕದಲ್ಲಿದ್ದರು. ದನಿ ತಗ್ಗಿಸಿ ಕೇಳಿದರು, ಆದರೆ ತಗ್ಗಿಸಿದ ದನಿಯೇ ಬಸದಿಯಲ್ಲಿ ದೂರ ಹೋಗುತ್ತದೆ. "ಶಾಲನ, ಕಾಲಿಗೆ ಅರಿಶಿಣ ಹಚ್ಚಿಯೇನ? ಇನ್ನೂ ಮೂರ ತಿಂಗಳ ಆಗಿಲ್ಲವ ಅಂವ ಹೋಗಿ."

ಹೆಂಗಸರ ಕಣ್ಣೆಲ್ಲ ನನ್ನ ಪಾದಕ್ಕೆ ಬಂದವು. ಗಂಡ ಸತ್ತವಳು ಕಾಲಿಗೆ ಅರಿಶಿನ ಹಚ್ಚುವುದಿಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬೂಟಿಗೆ ಹಾಕುವಾಗ ಅದು ಹೊಳೆದಿರಲಿಲ್ಲ. ಅರಿಶಿನದ ಊರಲ್ಲಿ ಹುಟ್ಟಿ, ಅರಿಶಿನದ ಹೊಲಕ್ಕೆ ಸೊಸೆಯಾಗಿ ಬಂದು, ಅರಿಶಿನ ಅಂಟುತ್ತದೆ ಎಂಬುದೂ ಹೊಳೆಯದ ಪೆದ್ದಿ. ಬೂಟು ಎಂದರೆ ಸಾಕಿತ್ತು. ಅತ್ತೆಯ ಕಡೆ ನೋಡಿದೆ. ಡಬ್ಬಿ ತಂದುಕೊಟ್ಟ ಕೈ ಅವರದೇ. ಅವರು ನೆಲ ನೋಡುತ್ತ ಮಣಿ ಎಣಿಸುತ್ತಿದ್ದರು.

ನನಗೆ ಸಿಟ್ಟು ಬಂತು. ಮೈಯೆಲ್ಲ ಉರಿಯಿತು. ಮನೆಗೆ ಬಂದು, ಹೊತ್ತು ಮುಳುಗುವ ಮೊದಲು ಎರಡು ರೊಟ್ಟಿ ಹೆಚ್ಚಿಗೇ ತಿಂದೆ.

ಸೆಪ್ಟೆಂಬರ್ 9, ಮಂಗಳವಾರ

ಬೆಳಿಗ್ಗೆ ಹಿತ್ತಲಲ್ಲಿ ಕೂತು ನಿಂಬೆಹೋಳಿನಿಂದ ಕಾಲು ತಿಕ್ಕುತ್ತಿದ್ದೆ. ಅತ್ತೆ ಬಂದು ಕಲ್ಲಿನ ಮೇಲೆ ಕೂತರು.

"ತಿಕ್ಕಬ್ಯಾಡ. ಹೋದಾಗ ಹೋಗತೈತಿ."

ನಾನು ತಿಕ್ಕುತ್ತಲೇ ಇದ್ದೆ.

"ನಿನ್ನೆ ನಾ ಬಾಯಿ ಬಿಡಬೇಕಿತ್ತು. ಜನಕ್ಕ ಹೆದರಿದೆ. ಕ್ಷಮಾ ಕೇಳೂ ದಿನಾನs ತಪ್ಪ ಮಾಡಿದೆ ನೋಡ. ನಂದ ತಪ್ಪಾತು, ಶಾಲನ."

ಎಪ್ಪತ್ತು ದಾಟಿದ ಹೆಂಗಸು ನನಗೆ ಕೈ ಮುಗಿದರು. ಬ್ಯಾಡ್ರಿ ಅತ್ತೀ ಎಂದು ಆ ಕೈ ಹಿಡಿದೆ. ಅವರು ಬಿಡಿಸಿಕೊಳ್ಳಲಿಲ್ಲ.

"ಇವರ ಅಪ್ಪ ಹೋದಾಗ ಜಯಕುಮಾರ ಶಾಲೀಗೆ ಹೋಗತಿದ್ದ, ನೀಲೇಶ ಇನ್ನೂ ಕೂಸು. ಅರಿಶಿಣ ಕೀಳೂ ಸುಗ್ಗಿ ಬಂತು. ಆಳಿನ ಜೋಡಿ ನಾನೂ ಕಿತ್ತೆ, ಕುದಿಸಿದೆ, ತಿಕ್ಕಿದೆ. ಸುಗ್ಗಿ ಮುಗಿಯೂತನ ಕೈಕಾಲ ಹಳದಿ ಹಳದಿ. ಹಂಗs ಬಸದೀಗೂ ಹೋಗೇನಿ. ಒಬ್ಬರೂ ಒಂದ ಮಾತ ಅನ್ನಲಿಲ್ಲ. ದುಡಿಯೂ ಅರಿಶಿಣಕ್ಕ ಯಾರ ಹೆಸರ ಇಡತಾರ?"

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಈ ಮಾತು ಕೇಳಿರಲಿಲ್ಲ. ನಿಂಬೆಹೋಳು ಎಸೆದೆ. ಎಲೆಗೆ ಔಷಧಿ ಹೊಡೆಸುವುದಿತ್ತು. ನನ್ನ ಬೂಟು ಹಾಕಿಕೊಂಡು ಹೋದೆ.

ಸೆಪ್ಟೆಂಬರ್ 14, ಭಾನುವಾರ

ಭಾವ ಬಂದರು. ಮಾಯಪ್ಪನನ್ನೂ ಕರೆಸಿ ಅಂಗಳದಲ್ಲಿ ಕೂರಿಸಿದರು. ಪಾಲು ಹೇಗೆ, ಗೊಬ್ಬರ ಯಾರದು, ಎಲ್ಲ ಅವರೇ ಹೇಳಿದರು. ಮಾಯಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ಹೂಂರಿ ಹೂಂರಿ ಅನ್ನುತ್ತಿದ್ದ. ನಾನು ಬಾಗಿಲಲ್ಲಿ ನಿಂತಿದ್ದೆ. ದೀಪಾವಳಿಗೆ ಮೊದಲೇ ಸಾಂಗ್ಲಿಗೆ ಬಂದುಬಿಡಿ, ಖೋಲಿಗೆ ಸುಣ್ಣ ಹೊಡೆಸಿದ್ದೇನೆ ಎಂದರು ಭಾವ. ಒಳ್ಳೆಯ ಮನಸ್ಸಿನಿಂದಲೇ ಅಂದರು, ಸುಳ್ಳು ಯಾಕೆ ಬರೆಯಲಿ. "ಮತ್ತ, ನಿಂದೇನೂ ಇಲ್ಲಲ್ಲ ಶಾಲನ?"

"ಇಲ್ಲ" ಎಂದೆ.

"ಛಲೋ ಆತು."

"ಹಂಗಲ್ಲ, ಭಾವಾ. ಹೊಲಾ ಕೊಡೂದಿಲ್ಲ ಅಂದೆ. ನಾನs ಮಾಡತೇನಿ."

ಇದನ್ನು ಯೋಚನೆ ಮಾಡಿ ಹೇಳಿದೆನೆ? ಇಲ್ಲ. ನಾಲಿಗೆಯ ಮೇಲೆ ಅದೇ ಇತ್ತು, ಬಂತು. ಭಾವನ ಮುಖ ಕೆಂಪಾಯಿತು. "ಹುಚ್ಚ ಹಿಡದೈತೇನ? ಬಸದ್ಯಾಗ ಆದದ್ದ ಸಾಲದೇನ? ಅವ್ವಾ, ನೀ ಹೇಳ ಅಕಿಗೆ."

ಅತ್ತೆ ಜಪಮಣಿ ಕೆಳಗಿಟ್ಟರು. "ಹೊಲ ಯಾರ ಹೆಸರೀಲೆ ಐತಿ?"

"ನಿನ್ನ ಹೆಸರೀಲೆ."

"ಹಂಗಾರ ನಾನs ಹೇಳತೇನಿ. ಆ ಅರಿಶಿಣ ಕೊಟ್ಟಾಕಿ ನಾನು. ಅಕಿ ಹಚ್ಚಿಕೊಂಡದ್ದಲ್ಲ, ಬೂಟಿಗೆ ಹಾಕಿದ್ದು ಹತ್ತೇತಿ. ಓಣ್ಯಾಗ ಕೇಳಿದವರಿಗೆಲ್ಲ ಹೇಳು. ಹೊಲಾ ಅಕಿ ಮಾಡತಾಳ. ಚಾ ಕುಡದ ಹೋಗ."

ಭಾವ ಚಹಾ ಕುಡಿದರು. ಹೋದರು. ಸಿಟ್ಟಿದೆ, ಇರಲಿ. ಮಾಯಪ್ಪ ಹೋಗುವಾಗ, "ನಾಳೆ ಮೇಲಿನ ಮಡಿ ಕಳೆ ತಗೀಬೇಕ್ರಿ ವೈನಿ" ಎಂದ. ಪಾಲು ತಪ್ಪಿದ್ದಕ್ಕೆ ಅವನಿಗೆ ಬೇಜಾರಾಯಿತೋ ಏನೋ. ಅವನು ಅಂಗಳ ದಾಟುವಾಗ ಕಂಡೆ, ಕಾಲಲ್ಲಿ ಚಪ್ಪಲಿಯೂ ಇಲ್ಲ. ನನಗೆ ಬೂಟು ಹಾಕಿಕೊಳ್ಳಿ ಎಂದವನು ತಾನು ಬರಿಗಾಲಲ್ಲೇ ಆ ಹಾವಿನ ಸಾಲಿನಲ್ಲಿ ಇದ್ದಾನೆ. ದಿನಾ ಕಣ್ಣೆದುರಿಗೇ ಇದ್ದ. ನೋಡಿರಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಮಿರಜಕ್ಕೆ ಹೋಗಿ ನನ್ನ ಅಳತೆಯ ಹಂಟರ್ ಬೂಟು ತಂದೆ. ಸ್ಟೇಷನ್ ಹತ್ತಿರದ ಅಂಗಡಿ. ಹೆಂಗಸರ ಅಳತೆ ಇಲ್ಲವಂತೆ, ಹುಡುಗರದು ಕೊಟ್ಟ. ಹಾಕಿ ನೋಡಲು ಚಪ್ಪಲಿ ಬಿಚ್ಚಿದೆ. ಅಂಗಡಿಯ ಮುದುಕ ನನ್ನ ಕಾಲು ನೋಡಿ ಖುಷಿಯಿಂದ, "ಮನೆಯಲ್ಲಿ ಲಗ್ನವೇನಮ್ಮಾ? ಹಳದಿ ಇನ್ನೂ ಹೋಗಿಲ್ಲ" ಎಂದು ಮರಾಠಿಯಲ್ಲಿ ಕೇಳಿದ. ಲಗ್ನ ಅಲ್ಲ, ಬೂಟಿನ ನಾತ ಎಂದೆ. ಅವನಿಗೆ ತಿಳಿಯಲಿಲ್ಲ. ಎಲ್ಲ ಬಿಡಿಸಿ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ನಗು ಬಂತು. ಅವನೂ ನಕ್ಕ. ಒದ್ದೆಯಾದಾಗ ಚೀಲದಲ್ಲಿ ಕಟ್ಟಿಡಬೇಡ, ಮೆತ್ತೆ ತೆಗೆದು ಗಾಳಿಗಿಡು, ಅರಿಶಿನ ಪಲ್ಯಕ್ಕಿರಲಿ ಎಂದ.

ಬಸ್ಸು ದವಾಖಾನೆಯ ಮುಂದೆಯೇ ಹೋಯಿತು. ಆ ಕಡೆ ನೋಡಬಾರದು ಎಂದುಕೊಂಡಿದ್ದೆ. ನೋಡಿದೆ. ಬಾಗಿಲಲ್ಲಿ ಒಬ್ಬಳು ಎಳನೀರು ಮಾರುತ್ತಿದ್ದಳು.

ಸೆಪ್ಟೆಂಬರ್ 24, ಬುಧವಾರ

ಇವರ ಬೂಟನ್ನು ಮಾಯಪ್ಪನಿಗೆ ಕೊಟ್ಟೆ. ಬೇಡ ಬೇಡ ಎಂದ, ಅಣ್ಣಾರವು ಎಂದ. ಹಾಕಿಕೊಳ್ಳದಿದ್ದರೆ ಹೊಲಕ್ಕೆ ಬರಬೇಡ ಎಂದೆ. ಅವನ ಮಾತನ್ನು ಅವನಿಗೇ ತಿರುಗಿಸಿದೆ. ಅಳತೆ ಸರಿಯಾಗಿದೆ.

ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದೆ. ಅರಿಶಿನ ಸೊಂಟದ ತನಕ ಬಂದಿದೆ, ಬಗ್ಗಿ ಕೆಲಸ ಮಾಡುವವರು ಕಾಣುವುದಿಲ್ಲ. ಬದುವಿನ ಮೇಲೆ ನಿಂತು ನೋಡಿದೆ. ಎಲೆಯ ಕೆಳಗೆ, ಸಾಲಿನೊಳಗೆ ಬೂಟು ಕಂಡವು. ಒಂದು ಹೆಜ್ಜೆ ಮುಂದೆ, ನಿಲ್ಲುವುದು. ಇನ್ನೊಂದು ಹೆಜ್ಜೆ ಮುಂದೆ, ನಿಲ್ಲುವುದು. ಎಡಗಾಲಿನ ಲೇಸು ಬಿಚ್ಚಿತ್ತು.

"ರೀ, ಲೇಸ ಬಿಚ್ಚೇತಿ ನೋಡ್ರಿ" ಎಂದೆ. "ಸಾಕ ಬರ್ರಿ ಇನ್ನ, ಊಟಾ ಮಾಡೂಣು."

ಬೂಟು ನಿಂತವು. ಮಾಯಪ್ಪ ಮೇಲೆ ಏಳಲಿಲ್ಲ. ಕೂತಲ್ಲಿಂದಲೇ ಮೆಲ್ಲಗೆ, "ಬಂದೇನ್ರಿ ವೈನಿ" ಎಂದ.

ಬುತ್ತಿ ಕೈಯಿಂದ ಬಿತ್ತು. ನಾನು ಬದುವಿನ ಮೇಲೆ ಕೂತೆ. ಎಲ್ಲಿತ್ತೋ ಇಷ್ಟು ದಿನ, ಬಂತು. ಬಾಯಿ ಬಿಟ್ಟು, ಎದೆ ಹೊಡೆದುಕೊಂಡು ಅತ್ತುಬಿಟ್ಟೆ. ಸತ್ತುಹೋದರು, ನೀಲೇಶ ಸತ್ತುಹೋದರು, ಇನ್ನು ಕರೆದರೆ ಬರುವುದಿಲ್ಲ. ಪಕ್ಕದ ಹೊಲದವರು ಓಡಿ ಬಂದರು. ಯಾರೋ ನೀರು ಕುಡಿಸಿದರು. ಎಷ್ಟು ಹೊತ್ತು ಅತ್ತೆನೋ ತಿಳಿಯದು.

ಕಣ್ಣೊರೆಸಿ ನೋಡಿದರೆ, ಮಾಯಪ್ಪ ಬೂಟು ಬಿಚ್ಚಿ, ಎರಡನ್ನೂ ಜೋಡಿಸಿ ನನ್ನ ಮುಂದೆ ಇಟ್ಟಿದ್ದ. ತಾನು ಬರಿಗಾಲಲ್ಲಿ, ತಪ್ಪು ಮಾಡಿದವನ ಹಾಗೆ, ಸಾಲಿನ ಒಳಗೆ ನಿಂತಿದ್ದ.

"ಹಾಕ್ಕೋ ಮಾಯಪ್ಪಾ" ಎಂದೆ. "ಹಾವು ಅದಾವ."